ಸ್ವಾಮಿಯ ಸಿಳ್ಳೆ

ಮಾತು ಬಾರದವರ ಹತ್ತಿರ ನಾವೆಲ್ಲ ಯಾಕೆ ಕಿರುಚುತ್ತೇವೆ?

ಹೋದ ತಿಂಗಳು ಒಂದು ಶನಿವಾರ ಬೆಳಿಗ್ಗೆ ಹುಣಸೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕಾಡಿಗೆ ಹೊರಟ ನಾವು ನಾಲ್ವರು, ಮೂವರು ಗೆಳೆಯರು ಮತ್ತು ಒಬ್ಬನ ಹೆಂಡತಿ, ಕೂತಿದ್ದೆವು. ಸಪ್ಲೈಯರ್ ಬಂದು ಮೂವರ ಆರ್ಡರ್ ಕೇಳಿದ. ನನ್ನ ಗೆಳೆಯ ಸ್ವಾಮಿ ಮಾತ್ರ ಪಕ್ಕದ ಟೇಬಲ್ಲಿನ ಸೆಟ್ ದೋಸೆಯತ್ತ ಬೆರಳು ತೋರಿಸಿದ. ಅವನ ಕತ್ತಿಗೆ ಕಟ್ಟಿದ್ದ ಬಿಳಿ ಬಟ್ಟೆ ನೋಡಿ ಸಪ್ಲೈಯರ್‌ಗೆ ಏನನ್ನಿಸಿತೋ, ಬಗ್ಗಿ ಕಿವಿಯ ಹತ್ತಿರ ಬಾಯಿ ತಂದು, "ಸೆಟ್ ದೋಸೇನಾ ಸಾರ್? ಸಾಗೂನೂ ತರ್ಲಾ?" ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ.

ಸ್ವಾಮಿಯ ಕಿವಿ ನಮ್ಮೆಲ್ಲರಿಗಿಂತ ಚುರುಕು. ಕಾಡಿನಲ್ಲಿ ಎಲೆ ಅಲುಗಿದ್ದು ನಮಗೆ ಕಾಣುವ ಮೊದಲೇ ಅವನು ಹಕ್ಕಿಯ ಹೆಸರು ಹೇಳುತ್ತಿದ್ದ. ಈಗ ಹೇಳುವುದಿಲ್ಲ.

"ಕಿವಿ ಚೆನ್ನಾಗೇ ಕೇಳ್ತದೆ ಕಣಪ್ಪ ಅವ್ನಿಗೆ. ಗಂಟ್ಲು ಒಂದಿಲ್ಲ, ಅಷ್ಟೇಯ" ಎಂದ ಇನ್ನೊಬ್ಬ ಗೆಳೆಯ ಪುಟ್ಟರಾಜ.

ಸ್ವಾಮಿ ನಕ್ಕ. ಭುಜ ಕುಣಿಯಿತು, ಹೊಟ್ಟೆ ಕುಣಿಯಿತು. ಸದ್ದು ಬರಲಿಲ್ಲ. ಸದ್ದಿಲ್ಲದ ನಗುವನ್ನು ಎದುರು ಕೂತು ನೋಡುವುದು ಎಷ್ಟು ಕಷ್ಟ ಗೊತ್ತೇ?

ಈ ಅಂಕಣ ಓದುವವರಿಗೆ ನನ್ನ ಹಕ್ಕಿ ಹುಚ್ಚಿನ ಪರಿಚಯ ಇದೆ. (ಇಲ್ಲದವರು ಪುಣ್ಯವಂತರು, ಇದು ನನ್ನ ಹೆಂಡತಿಯ ಮಾತು.) ಈ ಹುಚ್ಚಿನಲ್ಲಿ ನಾನು ಒಬ್ಬನೇ ಅಲ್ಲ. ಸ್ವಾಮಿಗೆ ಕೆ.ಆರ್. ನಗರದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿ ಜೀವ ಕೊಡುವ ಕೆಲಸ. ಪುಟ್ಟರಾಜ ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೆಳೆಯುತ್ತಾನೆ. ನಾನು ಹುಣಸೂರಿನಲ್ಲಿ ಮೇಷ್ಟ್ರು. ಮೂವರೂ ಮೈಸೂರಿನಲ್ಲಿ ಒಂದೇ ಹಾಸ್ಟೆಲಿನ ಅನ್ನ ತಿಂದವರು. ಪ್ರತಿ ವರ್ಷ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ನಾಗರಹೊಳೆ ದಾಟಿ, ಕುಟ್ಟದ ಆಚೆಯ ಬೆಟ್ಟದ ಕಾಡಿಗೆ ಹೋಗುವುದು ನಮ್ಮ ರೂಢಿ. ಹೋಗುವುದು ಸಿಳ್ಳಾರನಿಗಾಗಿ.

ಸಿಳ್ಳಾರ ನೋಡಿದ್ದೀರಾ? ಕಪ್ಪುನೀಲಿ ಮೈಯ ಹಕ್ಕಿ. ಬಿಸಿಲು ಬಿದ್ದರೆ ಭುಜದ ಮೇಲೊಂದು ನೀಲಿ ಮಿಂಚುತ್ತದೆ. ಕಾಡಿನ ಹಳ್ಳದ ಬಂಡೆಗಳೇ ಅದರ ಮನೆ. ಆದರೆ ಅದನ್ನು ನೋಡುವುದಕ್ಕಿಂತ ಕೇಳಬೇಕು. ದಾರಿಯಲ್ಲಿ ಹೋಗುವ ಯಾರೋ ಮನಸ್ಸಿಗೆ ಬಂದಂತೆ ಸಿಳ್ಳೆ ಹಾಕಿಕೊಂಡು ಹೋದ ಹಾಗೆ, ರಾಗ ಇದೆ ಅನ್ನುವಷ್ಟರಲ್ಲಿ ಅದು ತಪ್ಪಿ ಇನ್ನೆಲ್ಲೋ ಹೋಗುತ್ತದೆ.

ಸ್ವಾಮಿ ಆ ಹಕ್ಕಿಗೆ ಉತ್ತರ ಕೊಡುತ್ತಿದ್ದ. ತುಟಿ ಮಡಚಿ ಸಿಳ್ಳೆ ಹೊಡೆದರೆ ಹಕ್ಕಿ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ಇನ್ನೂ ಜೋರಾಗಿ ಹಾಡುತ್ತಿತ್ತು. ಇವನು ಮತ್ತೆ. ಅದು ಮತ್ತೆ. ಇಬ್ಬರಲ್ಲಿ ಯಾರು ಹಕ್ಕಿ ಎಂದು ನಮಗೇ ಗೊಂದಲವಾಗುತ್ತಿತ್ತು.

ಅಂಗಡಿಯಲ್ಲೂ ಅಷ್ಟೇ. ಒಳಗೆ ಸಿಳ್ಳೆ ಕೇಳಿಸಿದರೆ ಸ್ವಾಮಿ ಇದ್ದಾನೆ ಎಂದು ರೈತರು ಹೊರಗಿನಿಂದಲೇ ಮೋಟಾರ್ ಇಳಿಸುತ್ತಿದ್ದರು. ಮನೆಗೆ ಬಂದರೆ ಕಾಲಿಂಗ್ ಬೆಲ್ ಒತ್ತುವ ಮನುಷ್ಯನಲ್ಲ. ಗೇಟಿನಲ್ಲೇ ನಿಂತು ಸಿಳ್ಳೆ. ಅವನ ಹೆಂಡತಿ ನಾಗರತ್ನ, "ಸಿಳ್ಳೆ ಆಕಿದ್ ಕೂಡ್ಲೇ ಓಡ್ಬರಕ್ಕೆ ನಾನೇನ್ ನಾಯಿನಾ?" ಎಂದು ರೇಗುತ್ತಲೇ ಬಂದು ಬಾಗಿಲು ತೆಗೆಯುತ್ತಿದ್ದರು.

ಹೀಗಿರುವಾಗ ಅವನ ದನಿ ಒಡೆಯಿತು. ಶೀತ ಅಂದುಕೊಂಡ. ಮೆಣಸಿನ ಕಷಾಯ ಕುಡಿದ. ಜೇನುತುಪ್ಪ ನೆಕ್ಕಿದ. ವಾಸಿಯಾಗಲಿಲ್ಲ. ಮೈಸೂರಿನ ಡಾಕ್ಟರು ಒಳಗೆ ಪೈಪು ಬಿಟ್ಟು ನೋಡಿ, ಕ್ಯಾನ್ಸರ್ ಎಂದರು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಉಸಿರಾಟ ಕತ್ತಿನಲ್ಲಿ ಮಾಡುವ ತೂತಿನಿಂದ.

"ಸಿಗರೇಟ್ ಸೇದ್ತಿದ್ರಾ?" ಎಂದು ಅವರು ಕೇಳಿದಾಗ ಪುಟ್ಟರಾಜನೂ ಅಲ್ಲೇ ಇದ್ದ. ಸ್ವಾಮಿ ಹೌದೆಂದು ತಲೆಯಾಡಿಸಿದ. ಪುಟ್ಟರಾಜ ಎದ್ದು ಹೊರಗೆ ಹೋದ. ನಾನು ಹಿಂದೆಯೇ ಹೋದರೆ ಕಾರಿಡಾರಿನ ಗೋಡೆಗೆ ಮುಖ ಮಾಡಿ ನಿಂತಿದ್ದ. "ನನ್ ಒಲದ್ ಸೊಪ್ಪೇ ಇತ್ತೇನೋ ಕಣ್ಲಾ ಅದ್ರಲ್ಲಿ" ಎಂದ. ಯಾರ ಹೊಲದ ಸೊಪ್ಪು ಯಾರ ಸಿಗರೇಟಿಗೆ ಹೋಗುತ್ತದೆ ಎಂದು ಯಾರಿಗೆ ಗೊತ್ತು? ಹಾಗೆಂದು ಹೇಳಿದೆ. ಅವನಿಗೆ ಸಮಾಧಾನವಾಗಲಿಲ್ಲ.

ಮಾತು ಹೋಗುತ್ತದೆ ಎಂದು ಆಪರೇಷನ್‌ಗೆ ಮೊದಲೇ ಹೇಳಿದ್ದರು. ಸಿಳ್ಳೆಯ ವಿಷಯ ಯಾರೂ ಹೇಳಿರಲಿಲ್ಲ. ಯಾರಾದರೂ ಯಾಕೆ ಹೇಳುತ್ತಾರೆ? ವಾರ್ಡಿನಲ್ಲಿ ಎದ್ದು ಕೂರುವಂತಾದ ದಿನ ಸ್ವಾಮಿ ಕಿಟಕಿಯ ಕಡೆ ತಿರುಗಿ ತುಟಿ ಮಡಚಿದನಂತೆ. ಗಾಳಿ ಬಾಯಿಗೆ ಬರಲೇ ಇಲ್ಲ. ಕತ್ತಿನ ತೂತಿನಿಂದ ಬುಸ್ಸೆಂದು ಹೋಯಿತು. "ಮಾತು ಓದಾಗ ಅಳ್ನಿಲ್ಲ ಮೇಷ್ಟ್ರೇ. ಅವತ್ತು ಅತ್ರು" ಎಂದು ನಾಗರತ್ನ ನನಗೆ ಹೇಳಿದ್ದರು.

ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರ ತಂದರು. ಮೊಬೈಲಿನಲ್ಲಿ 'ನೀವು ಕರೆ ಮಾಡಿದ ಚಂದಾದಾರರು' ಎನ್ನುತ್ತದಲ್ಲ, ಅದಕ್ಕಿಂತ ನಿರ್ಜೀವವಾದ ದನಿ. ಸ್ವಾಮಿ ಎರಡು ದಿನ ನೋಡಿ ಬೀರುವಿಗೆ ಹಾಕಿದ. ಈಗ ಬರೀ ತುಟಿ ಆಡಿಸುತ್ತಾನೆ. ಅದನ್ನು ಓದಬಲ್ಲವರು ನಾಗರತ್ನ ಒಬ್ಬರೇ. ಅವರು ಹೇಳಿದರೆ ನಮಗೆ ತಿಳಿಯುತ್ತದೆ.

ಒಂದು ವರ್ಷ ಕಾಡಿನ ಮಾತೆತ್ತಿದರೆ ಮುಖ ತಿರುಗಿಸಿದ. ಈ ಸಲ ಪುಟ್ಟರಾಜ ಬಿಡಲಿಲ್ಲ. ಬ್ಯಾರನ್ನಿನಲ್ಲಿ, ಅಂದರೆ ಒಣಗಿಸುವ ಮನೆಯಲ್ಲಿ, ಸೊಪ್ಪು ಬೇಯುವ ಕಾಲ, ಬೆಂಕಿಯ ಮುಂದಿನಿಂದ ಕದಲುವಂತಿಲ್ಲ. ತಮ್ಮನಿಗೆ ಒಪ್ಪಿಸಿ ಜೀಪು ತಂದ. "ಕರ್ಕಂಡೇ ಓಗವ ಕಣ್ಲಾ. ಮನೇಲ್ ಕುಂತ್ರೆ ಕೊಳ್ತೋಯ್ತಾನೆ" ಎಂದ. ನಾಗರತ್ನ ಎಚ್.ಡಿ. ಕೋಟೆಯ ಕಾಡಂಚಿನ ಊರಿನವರು. "ಆನೆ ಓಡ್ಸದ್ರಲ್ಲೇ ಚಿಕ್ಕ ವಯಸ್ಸೆಲ್ಲ ಓಯ್ತು. ಈಗ ಅಕ್ಕಿ ನೋಡಕ್ ಬೇರೆ ಕಾಡಿಗ್ ಓಗ್ಬೇಕಾ?" ಎಂದು ಗೊಣಗಿದರೂ ಹೊರಟರು. ಗಂಡನ ಕತ್ತಿನ ತೂತಿಗೆ ಹಾಕಿದ ಟ್ಯೂಬ್ ಶುಚಿ ಮಾಡಬೇಕಲ್ಲ.

ಕಾಡು ಚೆನ್ನಾಗಿತ್ತು. ಮಂಜು ಆಗಷ್ಟೇ ಮೇಲೇಳುತ್ತಿತ್ತು. ಕಾಫಿ ತೋಟ ಮುಗಿದು ಬೆಟ್ಟ ಶುರುವಾಗುವಲ್ಲಿ ನಮ್ಮ ಹಳ್ಳ. ಮಂಗಟ್ಟೆ ಹಕ್ಕಿಯೊಂದು ರೆಕ್ಕೆಯ ಗಾಳಿ ಸದ್ದು ಮಾಡುತ್ತ ತಲೆಯ ಮೇಲೆ ಹೋಯಿತು. ಪುಟ್ಟರಾಜ ಕಾಲಿಗೆ ಹತ್ತಿದ ಜಿಗಣೆಯನ್ನು ಬಯ್ಯುತ್ತಿದ್ದ. ನಾನು ಒಂದು ಎಲೆ ಕಿತ್ತು ಉಜ್ಜಿ, "ವಾಸನೆ ನೋಡೋ" ಎಂದು ಸ್ವಾಮಿಯ ಮೂಗಿಗೆ ಹಿಡಿದೆ. ಅವನು ಇಲ್ಲವೆಂದು ತಲೆಯಾಡಿಸಿ ಕತ್ತಿನ ಬಟ್ಟೆ ತೋರಿಸಿದ. ಗಾಳಿ ಮೂಗಿಗೆ ಹೋಗುವುದಿಲ್ಲ ಅಂದ ಮೇಲೆ ವಾಸನೆ ಎಲ್ಲಿಂದ ಬರಬೇಕು? ಅದೂ ಹೋಗಿದೆ ಎಂದು ನನಗೆ ತಿಳಿದದ್ದು ಆಗಲೇ.

ಬಂಡೆಯ ಮೇಲೆ ಕೂತೆವು. ಸ್ವಲ್ಪ ಹೊತ್ತಿಗೆ ಹಳ್ಳದ ಆಚೆಯಿಂದ ಸಿಳ್ಳಾರ ಶುರು ಮಾಡಿತು.

ಸ್ವಾಮಿ ಕಣ್ಣು ಮುಚ್ಚಿದ್ದ. ತುಟಿ ತಾನಾಗಿಯೇ ಮಡಚಿಕೊಂಡಿತು, ಮತ್ತೆ ಬಿಚ್ಚಿಕೊಂಡಿತು. ನೋಡಲಾಗದೆ ನಾನು ಬೈನಾಕ್ಯುಲರ್ ಕಣ್ಣಿಗೆ ಹಿಡಿದೆ.

ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆಯೇ ಇನ್ನೊಂದು ಸಿಳ್ಳೆ ಎದ್ದಿತು. ಹಕ್ಕಿಯದಲ್ಲ, ಸ್ವಾಮಿಯದು.

ಪುಟ್ಟರಾಜ ಮೊಬೈಲನ್ನು ಬಂಡೆಯ ಮೇಲಿಟ್ಟು ನಿಂತಿದ್ದ. ಹಿಂದೊಂದು ಮಳೆಗಾಲ, ಇದೇ ಹಳ್ಳದ ಹತ್ತಿರ ಸ್ವಾಮಿ ಸಿಳ್ಳೆ ಹೊಡೆಯುವಾಗ ರೆಕಾರ್ಡ್ ಮಾಡಿಕೊಂಡಿದ್ದನಂತೆ. ಗೆಳೆಯನಿಗೆ ಸರ್ಪ್ರೈಸ್! (ಹಕ್ಕಿಯನ್ನು ರೆಕಾರ್ಡಿಂಗ್ ಹಾಕಿ ಕರೆಯಬಾರದು, ಅದಕ್ಕೆ ಸುಮ್ಮನೆ ಗಾಬರಿ. ಅದು ಪುಟ್ಟರಾಜನಿಗೂ ಗೊತ್ತು. ಅವತ್ತು ಅವನಿಗೆ ಹಕ್ಕಿ ಮುಖ್ಯವಾಗಿರಲಿಲ್ಲ.)

ಸಿಳ್ಳಾರ ಹಾರಿ ಬಂದು ಎದುರಿನ ಬಂಡೆಯ ಮೇಲೇ ಕೂತಿತು. ಅಷ್ಟು ಹತ್ತಿರ ನಾನು ಅದನ್ನು ಯಾವತ್ತೂ ನೋಡಿರಲಿಲ್ಲ. ಕತ್ತು ಹೊರಳಿಸಿ ಹೊರಳಿಸಿ ಹುಡುಕುತ್ತಿತ್ತು. ನಾಗರತ್ನ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದರು.

ಸ್ವಾಮಿ ಎದ್ದ. ನೇರ ಹೋಗಿ ಮೊಬೈಲನ್ನು ಬೋರಲು ಹಾಕಿದ. ಸಿಳ್ಳೆ ನಿಲ್ಲಲಿಲ್ಲ. ಪುಟ್ಟರಾಜ ಗಾಬರಿಯಾಗಿ ಎತ್ತಿಕೊಂಡು ಆಫ್ ಮಾಡಿದ. ಸ್ವಾಮಿಯ ತುಟಿ ಬಡಬಡ ಆಡಿತು. ಕತ್ತಿನ ಬಟ್ಟೆ ಎದ್ದೆದ್ದು ಬಿತ್ತು.

"ಏನಂತಾನೆ?" ಪುಟ್ಟರಾಜ ನಾಗರತ್ನರ ಕಡೆ ತಿರುಗಿದ. ಸ್ವಾಮಿ ಅವರ ತೋಳು ತಟ್ಟಿದ. ಹೇಳು ಎಂದು.

"'ನಾನಿನ್ನೂ ಸತ್ತಿಲ್ಲ ಕಣೋ' ಅಂತಾವ್ರೆ."

ಇನ್ನೊಮ್ಮೆ ತಟ್ಟಿದ.

"'ಫೋಟೋಕ್ಕೆ ಆರ ಆಕ್ದಂಗೆ ಆಕ್ಬುಟ್ಯಲ್ಲೋ ನಂಗೆ' ಅಂತಾವ್ರೆ. 'ಅಳಿಸಾಕು ಅದ್ನ' ಅಂತಾವ್ರೆ."

ಪುಟ್ಟರಾಜನನ್ನು ರಾಜಣ್ಣ ಎಂದು ಬಾಯಿ ತುಂಬ ಕರೆದು, ನೀವು ಎಂದೇ ಮಾತಾಡಿಸುತ್ತಿದ್ದ ಹೆಣ್ಣುಮಗಳು ಅವತ್ತು ಗಂಡನ ಪರವಾಗಿ ಅವನನ್ನು ಏಕವಚನದಲ್ಲಿ ಬಯ್ಯಬೇಕಾಯಿತು. ಕಣ್ಣಲ್ಲಿ ನೀರು ಇಳಿಯುತ್ತಲೇ ಇತ್ತು. ಪುಟ್ಟರಾಜ, "ಖುಸಿ ಆಯ್ತದೇನೋ ಅಂದ್ಕಂಡೆ ಕಣ್ಲಾ" ಎಂದು ಫೋನು ನೋಡುತ್ತ ನಿಂತ.

ಆಗ ನಾಗರತ್ನ ಕಣ್ಣೊರೆಸಿಕೊಂಡು, "ಈಗ್ ಏಳದು ಅವರ್ ಮಾತಲ್ಲ ರಾಜಣ್ಣ, ನಂದು. ಅಳಿಸ್ಬ್ಯಾಡಿ. ನನ್ ಫೋನ್ಗೆ ಆಕ್ಕೊಡಿ" ಎಂದರು.

ಸ್ವಾಮಿ ಹೆಂಡತಿಯ ಕಡೆ ತಿರುಗಿದ. ಗಂಡ ಹೆಂಡಿರ ಜಗಳ ಶುರುವಾಯಿತು. ನಮಗೆ ಕೇಳಿಸಿದ್ದು ಒಂದು ಕಡೆಯದು ಮಾತ್ರ.

"ನಿಮ್ಗೆ ಬ್ಯಾಡದಿದ್ರೆ ಬ್ಯಾಡ, ನಂಗ್ ಬೇಕು."

ಅವನ ತುಟಿ ಆಡಿತು.

"ಮರ್ತೋಗ್ಬುಟ್ಟಿತ್ತು ಕಣ್ರೀ ನಂಗೆ. ಎಂಗಿತ್ತು ನಿಮ್ ಸಿಳ್ಳೆ ಅಂತ ಎಷ್ಟ್ ಗೇಪ್ನ ಮಾಡ್ಕಂಡ್ರೂ ಬರ್ತಿರ್ನಿಲ್ಲ."

ಮತ್ತೆ ತುಟಿ.

"ಊ, ನಿಮ್ದೇ. ನಾನ್ ಇಲ್ಲ ಅಂದ್ನಾ? ಇಷ್ಟ್ ವರ್ಸ ಕೇಳ್ಕಂಡಿದ್ದೋಳು ಯಾರು?"

ಸ್ವಾಮಿಯ ತುಟಿ ನಿಂತಿತು. ಕತ್ತಿನಿಂದ ಕೆಮ್ಮು ಬಂತು. ನಾಗರತ್ನ ಜಗಳ ಬಿಟ್ಟು ಬಟ್ಟೆ ಸರಿಸಿ ಒರೆಸಿದರು, ಬೆನ್ನು ನೀವಿದರು. ಕೆಮ್ಮು ನಿಂತ ಮೇಲೆ ಸ್ವಾಮಿ ಪುಟ್ಟರಾಜನ ಮುಂದೆ ಕೈ ಚಾಚಿದ. ಈ ಸಲ ಸಿಟ್ಟಿರಲಿಲ್ಲ. ಬೇಡುವವರ ಕೈ ಹಾಗಿರುತ್ತದೆ.

ಪುಟ್ಟರಾಜ ನಾಗರತ್ನರ ಮುಖ ನೋಡಿದ. ಅವರು ಬೇರೆ ಕಡೆ ನೋಡಿದರು. ಅವನು ಸ್ವಾಮಿಯ ಕಣ್ಣೆದುರೇ ಅದನ್ನು ಡಿಲೀಟ್ ಮಾಡಿದ.

ಸಿಳ್ಳಾರ ಯಾವಾಗ ಹಾರಿಹೋಯಿತೋ, ಗಮನಿಸಲಿಲ್ಲ.

ವಾಪಸ್ ಬರುವಾಗ ಸ್ವಾಮಿ ಮುಂದಿನ ಸೀಟಿನಲ್ಲಿ ಕೂತು, ಗೇರ್ ಮೇಲಿದ್ದ ಪುಟ್ಟರಾಜನ ಕೈಯ ಮೇಲೆ ತನ್ನ ಕೈಯಿಟ್ಟಿದ್ದ. ಗೇರ್ ಬದಲಿಸುವಾಗಲೂ ತೆಗೆಯಲಿಲ್ಲ. ಕಾಡಿನ ದಾರಿಯುದ್ದಕ್ಕೂ ಪುಟ್ಟರಾಜ ಮೂಗು ಎಳೆದುಕೊಳ್ಳುತ್ತಲೇ ಇದ್ದ.

ಹುಣಸೂರಿನಲ್ಲಿ ಇಳಿದಾಗ ಸ್ವಾಮಿ ಸೀಬೆಹಣ್ಣಿನ ಗಾಡಿಯ ಹತ್ತಿರ ಹೋದ. ನಾಗರತ್ನ ನನ್ನ ಪಕ್ಕ ಬಂದು ಮೆಲ್ಲಗೆ, "ಮೇಷ್ಟ್ರೇ, ಡಿಲೀಟ್ ಮಾಡಿದ್ದು ವಾಪಸ್ ಬತ್ತದಾ?" ಎಂದರು.

"ನೋಡ್ತೀನಿ ಕಣಮ್ಮ" ಎಂದೆ.

ನೋಡಬೇಕಾದ್ದು ಏನೂ ಇರಲಿಲ್ಲ. ರೆಕಾರ್ಡ್ ಮಾಡಿದ ದಿನವೇ ಪುಟ್ಟರಾಜ ಅದನ್ನು ನನಗೂ ವಾಟ್ಸಾಪ್ ಮಾಡಿದ್ದ. ಅವನು ಮರೆತಿದ್ದ, ನಾಗರತ್ನ ಕೇಳುವವರೆಗೆ ನಾನೂ ಮರೆತಿದ್ದೆ. ಮನೆಗೆ ಬಂದು ಹುಡುಕಿದರೆ ಹಳೆಯ ಗುಡ್ ಮಾರ್ನಿಂಗ್‌ಗಳ ನಡುವೆ ಬೆಚ್ಚಗೆ ಕೂತಿತ್ತು.

ಈಗ ಏನು ಮಾಡುವುದು? ಕಳಿಸಿದರೆ ಗೆಳೆಯನಿಗೆ ಮೋಸ. ಕಳಿಸದಿದ್ದರೆ ಆ ಹೆಣ್ಣುಮಗಳಿಗೆ. ದನಿ ಹೊರಡಿಸಿದವನದೋ, ಕೇಳುತ್ತ ಬದುಕಿದವರದೋ? ಇಂಥದ್ದಕ್ಕೆ ಯಾರ ಹತ್ತಿರ ತೀರ್ಮಾನ ಕೇಳುತ್ತೀರಿ? ವಾರವಿಡೀ ಕ್ಲಾಸಿನಲ್ಲಿ ಪಾಠ ಮಾಡುತ್ತಿದ್ದರೂ ತಲೆಯೆಲ್ಲ ಅಲ್ಲೇ.

ಕೊನೆಗೆ ಭಾನುವಾರ ಬಸ್ಸು ಹತ್ತಿ ಕೆ.ಆರ್. ನಗರಕ್ಕೆ ಹೋದೆ. ಸ್ವಾಮಿ ಅಂಗಡಿಯಲ್ಲಿ ಒಬ್ಬನೇ ತಂತಿ ಸುತ್ತುತ್ತಿದ್ದ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ನನ್ ಫೋನಲ್ಲೂ ಒಂದಿದೆ ಕಣೋ. ನೀನು ಹೇಳಿದಂಗೆ ಮಾಡ್ತೀನಿ" ಎಂದೆ.

ಅವನು ಕೈಯಲ್ಲಿದ್ದ ಕಾಯಿಲ್ ಮುಗಿಸಿದ. ತಂತಿ ಕತ್ತರಿಸಿದ. ಕೈ ಒರೆಸಿಕೊಂಡ. ನನ್ನ ಮುಖಕ್ಕೆ ಮುಖ ಕೊಟ್ಟು ತುಟಿ ಆಡಿಸಿದ. ತಿಳಿಯಲಿಲ್ಲ. ಇನ್ನೂ ನಿಧಾನವಾಗಿ ಆಡಿಸಿದ. ನಾಗರತ್ನ ಇಲ್ಲದೆ ನಾನು ಅವನ ಮಾತು ಓದಿದ್ದು ಅದೇ ಮೊದಲು.

'ಅವಳಿಗೆ ಕೊಡು. ನಾನಿಲ್ಲದಾಗ ಕೇಳ್ಲಿ.'

ನಾನಿಲ್ಲದಾಗ ಅಂದರೆ ಅಂಗಡಿಗೆ ಬಂದಿರುವಾಗ ಎಂದು ಅರ್ಥ ಮಾಡಿಕೊಂಡೆ. ಬೇರೆ ಅರ್ಥ ಉಂಟಾ ಎಂದು ಕೇಳುವ ಧೈರ್ಯ ಬರಲಿಲ್ಲ. ಇದನ್ನೆಲ್ಲ ಬರೆಯಲಾ ಎಂದು ಮಾತ್ರ ಕೇಳಿದೆ. ಬರಿ ಎಂದು ಕೈಯಾಡಿಸಿ, ಮುಂದಿನ ಕಾಯಿಲ್ ಎತ್ತಿಕೊಂಡ.

ಬಸ್ಸಿನಲ್ಲಿ ಕೂತೇ ನಾಗರತ್ನರಿಗೆ ಕಳಿಸಿದೆ. ಹುಣಸೂರು ತಲುಪುವಷ್ಟರಲ್ಲಿ ಅದರ ಕೆಳಗೆ ಎರಡು ನೀಲಿ ಟಿಕ್ ಬಿದ್ದಿತ್ತು.

ಅವರು ಕೇಳಿದರೋ ಇಲ್ಲವೋ, ನಾನು ಕೇಳಿಲ್ಲ.