ಡಿಸೆಂಬರಿಗೆ ತಂದ ಫ್ರಾಕು

ಮೊನ್ನೆ ಅಟ್ಟದಿಂದ ಟ್ರಂಕು ಇಳಿಸಿ ಮುಚ್ಚಳ ತೆಗೆದರೆ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ತಳದಲ್ಲಿ ನನ್ನ ಮಗಳ ಹಳದಿ ಫ್ರಾಕು. ಅಂಚನ್ನು ಮಡಿಚಿ ಹೊಲಿದು ಬಿಚ್ಚಿದ ಗೆರೆ ಇನ್ನೂ ಹಾಗೇ ಇದೆ. ಆ ಅಂಚು ಹೊಲಿದವರು ನಮ್ಮ ಪಕ್ಕದ ಮನೆಯ ನರ್ಸಮ್ಮ...

ನಾವಾಗ ಕೊಡಿಗೇನಹಳ್ಳಿಯಲ್ಲಿದ್ದೆವು. ನರ್ಸಮ್ಮ ಅಲ್ಲಿನ ಆಸ್ಪತ್ರೆಯ ನರ್ಸು; ಕ್ರೈಸ್ತರು, ಒಂಟಿ ಹೆಂಗಸು. ಕ್ರಿಸ್‌ಮಸ್ಸಿಗೆ ಬೀದಿಯ ಮಕ್ಕಳಿಗೆಲ್ಲ ಏನಾದರೊಂದು ಕೊಡುತ್ತಿದ್ದರು. ಕೊಳ್ಳುವುದು ಮಾತ್ರ ವರ್ಷಪೂರ್ತಿ. ಸಂಬಳವಾದ ವಾರ ಮಧುಗಿರಿ ಬಸ್ಸು ಹತ್ತಿ ಹೋಗಿ, ಒಂದು ಸಾಮಾನು ತಂದು ಟ್ರಂಕಿಗೆ ಹಾಕುವರು. ಮಳೆ ಹೋದ ಮೇಲೆ ಕೊಡೆ, ಬೇಸಿಗೆಯಲ್ಲಿ ಉಣ್ಣೆ ಟೋಪಿ.

"ಸೆಕೆಗೆ ಬೇಯ್ತಾ ಇದೀವಿ, ಈಯಮ್ಮ ಟೋಪಿ ತಂದವ್ಳೆ ನೋಡೇ" ಎಂದು ನಮ್ಮತ್ತೆ ನಗುತ್ತಿದ್ದಳು.

"ಈಗ ಕೇಳೋರಿಲ್ಲ ಕಣಮ್ಮ, ಕಡಿಮೆಗೆ ಕೊಡ್ತಾರೆ. ಡಿಸೆಂಬರಲ್ಲಿ ಓಡಾಡೋಕೆ ನಂಗೆಲ್ಲಿ ರಜ?" ಎನ್ನುವರು ನರ್ಸಮ್ಮ.

ಬಟ್ಟೆಯಾದರೆ ಆಡುವ ಮಕ್ಕಳನ್ನು ಹಿಡಿದು ನಿಲ್ಲಿಸಿ ಬೆನ್ನಿಗೆ ಗೇಣು ಹಾಕುವರು. ಡಿಸೆಂಬರಿಗೆ ಎಷ್ಟು ಬೆಳೆದಿರುತ್ತಾರೆ ಎಂಬ ಅಂದಾಜಿನ ಮೇಲೆ ತರುವರು.

ಆ ವರ್ಷ ನನ್ನ ಮಗಳಿಗೆ ಮೂರು ತುಂಬಿತ್ತು. ಎದೆಯಲ್ಲಿ ಕಫ ಕಟ್ಟಿ, ಹಿಡಿದ ಜ್ವರ ಬಿಡಲಿಲ್ಲ. ತುಮಕೂರಿಗೂ ತೋರಿಸಿಕೊಂಡು ಬಂದೆವು. ನೋಡಲು ಬಂದವರು ನನಗೆ ಕೇಳುವ ಹಾಗೇ ಪಿಸುಗುಟ್ಟುತ್ತಿದ್ದರು. ನಾನೂ ಆಸೆ ಬಿಟ್ಟಿದ್ದೆ. ಯುಗಾದಿಗೆ ಅವಳೊಬ್ಬಳಿಗೆ ಹೊಸ ಬಟ್ಟೆ ತರಲಿಲ್ಲ.

ಹಬ್ಬ ಕಳೆದ ಮೇಲೆ ನರ್ಸಮ್ಮ ಈ ಫ್ರಾಕು ತಂದರು. ಮಲಗಿದ್ದ ಮಗುವಿನ ಮೇಲೆ ಹಿಡಿದರೆ ಪಾದ ದಾಟಿ ಚಾಪೆಗೆ ಬಿತ್ತು. ನನಗೆ ಸಿಟ್ಟು ಬಂತು.

"ಕೂಸು ಉಳಿಯೋ ಅಂಗೇ ಕಾಣಾಕಿಲ್ಲ. ಇಷ್ಟುದ್ದದ್ದು ಯಾರ್ಗೆ ತಂದ್ರಿ?"

"ಇವತ್ತಿಗಲ್ಲ ತಂದಿರೋದು, ಡಿಸೆಂಬರ್‌ಗೆ. ಅಷ್ಟೊತ್ತಿಗೆ ಬೆಳೀತಾಳೆ. ಏಳು, ಗಂಜಿ ಕಾಯ್ಸು."

ಎದ್ದೆ. ಆಮೇಲೆ ದಿನಾ ಡ್ಯೂಟಿಗೆ ಹೋಗುವ ಮುಂಚೆ ಅವರೇ ಬಂದು ಸೂಜಿ ಹಾಕಿ, ಔಷಧಿ ಕುಡಿಸಿ ಹೋಗುತ್ತಿದ್ದರು. ಮಗುವನ್ನು ಉಳಿಸಿದ್ದು ಔಷಧಿ, ಫ್ರಾಕಲ್ಲ. ಅಷ್ಟು ಬುದ್ಧಿ ನನಗಿದೆ. ಆದರೆ ಮೂಲೆ ಹಿಡಿದಿದ್ದ ನನ್ನನ್ನು ಒಲೆಯ ಮುಂದೆ ಕೂರಿಸಿದ್ದು ಆ ಫ್ರಾಕೇ.

ಕ್ರಿಸ್‌ಮಸ್ ದಿನ ಮಗಳು ಅದನ್ನು ತೊಟ್ಟು ಅಂಗಳದಲ್ಲಿ ನಿಂತಳು. ಇನ್ನೂ ಒಂದು ಗೇಣು ಉದ್ದ. ನಮ್ಮತ್ತೆ ಬಿಟ್ಟಾಳೆಯೇ?

"ಏನ್ ನರ್ಸಮ್ಮ, ನಿಮ್ ಅಂದಾಜು ತಪ್ಪೋಯ್ತಲ್ಲ!"

ನರ್ಸಮ್ಮ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಚು ಮಡಿಚಿ ಹೊಲಿದರು. "ಮುಂದಿನ್ ವರ್ಷ ಬಿಚ್ಚೋಣ ಬಿಡಮ್ಮ" ಎಂದರು.

ಅಷ್ಟರೊಳಗೆ ಅವರಿಗೆ ಪಾವಗಡದ ಕಡೆ ವರ್ಗವಾಯಿತು. ಹೊಲಿಗೆ ಬಿಚ್ಚಿದವಳು ನಾನು. ಎಷ್ಟೋ ವರ್ಷದ ಮೇಲೆ, ತೀರಿಕೊಂಡರಂತೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಎಲ್ಲಿ ಮಣ್ಣು ಮಾಡಿದರೋ... ಕೇಳುವಷ್ಟರಲ್ಲಿ ಅವರ ಸ್ಟಾಪು ಬಂತು.

ಮೊನ್ನೆ ಟ್ರಂಕು ಇಳಿಸಿದ್ದು ಆ ಮಗಳ ಮಗಳಿಗೆ ತಂದ ಸ್ವೆಟರು ಇಡಲೆಂದು. ಅಂಗಡಿಯವನು, ಈ ಬಿಸಿಲಲ್ಲಿ ಸ್ವೆಟರಾ, ಅದೂ ದೊಡ್ಡದಾಯಿತು ಎಂದ. ಆಗಲಿ ಕೊಡಪ್ಪ ಎಂದೆ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಇಲ್ಲ. ಆದರೂ ಆ ದಿನವೇ ಕೊಡುತ್ತೇನೆ. ತೋಳು ಉದ್ದವಾದರೆ ಮಡಿಚಿ ಹೊಲಿಯಲು ನರ್ಸಮ್ಮ ಇಲ್ಲ. ಯಾರಾದರೂ ಸೂಜಿಗೆ ದಾರ ಪೋಣಿಸಿಕೊಟ್ಟರೆ ನಾನೇ ಹೊಲಿಯುತ್ತೇನೆ.