ಅಗಲ ಪಾದದ ಮನೆತನ

ನಮ್ಮ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಕೈತಪ್ಪದೆ ಬಂದ ಆಸ್ತಿ ಒಂದೇ, ಅಗಲವಾದ ಪಾದ. ಭೂಮಸೂದೆ ಬಂದಾಗ ಇದ್ದ ತುಂಡು ಗದ್ದೆಯೂ ಹೋಯಿತು. ಪಾದವನ್ನು ಮಾತ್ರ ಯಾರೂ ಕೇಳಲಿಲ್ಲ, ಹಾಗಾಗಿ ಉಳಿಯಿತು. ಹಿಮ್ಮಡಿ ಸಣ್ಣದು, ಮುಂದಕ್ಕೆ ಬಂದ ಹಾಗೆ ಅನ್ನ ಬಡಿಸುವ ಸಟ್ಟುಗದಂತೆ ಅಗಲ, ಅದರ ತುದಿಯಲ್ಲಿ ಒಂದಕ್ಕೊಂದು ಮಾತು ಬಿಟ್ಟ ದಾಯಾದಿಗಳ ಹಾಗೆ ದೂರ ದೂರ ನಿಂತ ಐದು ಬೆರಳು. ನನ್ನ ಅಪ್ಪನದ್ದು ಹಾಗೆಯೇ, ನನ್ನದೂ ಹಾಗೆಯೇ. ಮಗಳು ಹುಟ್ಟಿದ ದಿನ ಎಲ್ಲರೂ ಮೂಗು ಯಾರದ್ದು, ಕಣ್ಣು ಯಾರದ್ದು ಎಂದು ಚರ್ಚಿಸುತ್ತಿದ್ದರೆ ನಾನು ಮೆಲ್ಲಗೆ ಬಟ್ಟೆ ಸರಿಸಿ ಪಾದ ನೋಡಿ ನಿಟ್ಟುಸಿರು ಬಿಟ್ಟಿದ್ದೆ.

ಅಪ್ಪನಿಗೆ ಇದೊಂದು ಸಮಸ್ಯೆಯೆಂದು ಅನಿಸಿದ್ದೇ ಇಲ್ಲ. ಅವರು ದೇವಸ್ಥಾನದ ಅರ್ಚಕರು, ಚಪ್ಪಲಿ ಹಾಕಿದ್ದನ್ನು ನಾನು ನೋಡಿದವನಲ್ಲ. ಚಪ್ಪಲಿ ಕಚ್ಚುವುದು ಎಂದರೆ ಅವರ ಮಟ್ಟಿಗೆ ನಾಯಿ ಚಪ್ಪಲಿಯನ್ನು ಕಚ್ಚುವುದು. ನಮ್ಮ ಹಿರಿಯರು ಈ ವಿಷಯದಲ್ಲಿ ಜಾಣರೇ ಆಗಿದ್ದರು ಎಂದು ನನಗೆ ಆಗಾಗ ಅನಿಸುತ್ತದೆ. ಮರದ ಪಾದುಕೆಯನ್ನೇ ನೋಡಿ. ಒಂದು ಹಲಗೆ, ಅದರ ಮೇಲೆ ಗುಂಡಿಯಂಥ ಒಂದು ಗುಬುಟು. ಬೆರಳ ಸಂದಿಯಲ್ಲಿ ಗುಬುಟು ಸಿಕ್ಕಿಸಿಕೊಂಡರೆ ಮುಗಿಯಿತು, ಅಗಲ ಹೊರಗೆ ಚೆಲ್ಲಿದರೂ ಕೇಳುವವರಿಲ್ಲ. ಅಣ್ಣನ ಪಾದುಕೆಯನ್ನು ಸಿಂಹಾಸನದ ಮೇಲಿಟ್ಟು ರಾಜ್ಯವಾಳಿದ ತಮ್ಮನ ಕಥೆ ಎಲ್ಲರಿಗೂ ಗೊತ್ತು. ಅದು ಭ್ರಾತೃಪ್ರೇಮವೆಂದು ಲೋಕ ಹೊಗಳುತ್ತದೆ. ಹಾಕಿ ನೋಡಿ ಆಗದೆ ಮೇಲಿಟ್ಟದ್ದೋ ಏನೋ ಎಂದು ನನ್ನಂಥವನಿಗೆ ಸಂಶಯ. ಮೂರು ಹೆಜ್ಜೆಯಲ್ಲಿ ಮೂರು ಲೋಕ ಅಳೆದವನ ಪಾದದ ಅಳತೆಯನ್ನೂ ಯಾವ ಪುರಾಣವೂ ಬರೆದಿಟ್ಟಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಗಾದೆಯೂ ಉದ್ದದ ಮಾತಾಡಿತೇ ಹೊರತು ಅಗಲದ ಸುದ್ದಿಗೆ ಹೋಗಲಿಲ್ಲ.

ಅಗಲದ ಕಷ್ಟ ನನಗೆ ಪೂರ್ತಿಯಾಗಿ ತಿಳಿದದ್ದು ಎಪ್ಪತ್ತರ ದಶಕದ ಆರಂಭದಲ್ಲಿ, ಮಂಗಳೂರಿನ ಬಲ್ಮಠದ ಒಂದು ಕಾಲೇಜಿನ ಗ್ರಂಥಾಲಯದ ಕೆಲಸಕ್ಕೆ ಸಂದರ್ಶನಕ್ಕೆ ಹೋದಾಗ. ಹೊಸ ಶೂ ಹಾಕಿಕೊಂಡು ಗುಡ್ಡ ಹತ್ತುವಷ್ಟರಲ್ಲಿ ಕಣ್ಣಲ್ಲಿ ನೀರು. ಪ್ರಾಂಶುಪಾಲರ ಕೋಣೆಯ ಬಾಗಿಲಲ್ಲಿ ಇನ್ನು ಆಗುವುದೇ ಇಲ್ಲವೆಂದು ಎರಡನ್ನೂ ಕಳಚಿಟ್ಟು ಬರಿಗಾಲಲ್ಲಿ ಒಳಗೆ ಹೋದೆ. ಅವರು ನನ್ನ ಕಾಲು ನೋಡಿದರು, ಬಾಗಿಲ ಹೊರಗಿನ ಶೂ ನೋಡಿದರು, ಪಕ್ಕದವರ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದರು. ವಿದ್ಯಾಮಂದಿರವನ್ನು ದೇವಸ್ಥಾನದಂತೆ ಕಾಣುವ ಹುಡುಗ ಎಂದು ಅವರಿಗೆ ಕಂಡಿರಬೇಕು. ಕೆಲಸ ಸಿಕ್ಕಿತು. ಆಮೇಲೆ ಮೇಜಿನ ಕೆಳಗೆ ಶೂ ಕಳಚಿಟ್ಟು ಮೇಜಿನ ಮೇಲೆ ಪುಸ್ತಕ ತೆರೆದಿಟ್ಟು ವರ್ಷಗಳನ್ನು ನೆಮ್ಮದಿಯಾಗಿ ಕಳೆದೆ.

ಹೀಗಿರುವಾಗ ಎಂಬತ್ತರ ದಶಕದಲ್ಲಿ ನನ್ನ ಮಗಳು ವಸುಧಾಳಿಗೆ ಚಕ್ರದ ಹುಚ್ಚು ಹಿಡಿಯಿತು. ಅವಳಿಗೆ ಆಗ ಹನ್ನೊಂದು ವರ್ಷ. ನಿವೃತ್ತರಾದ ಡ್ರಿಲ್ ಮಾಸ್ಟ್ರೊಬ್ಬರು ಸಿಮೆಂಟಿನ ಅಂಗಳವೊಂದರಲ್ಲಿ ಶನಿವಾರ, ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದರು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ, ಕೈಗೆ ಸ್ಟಿಕ್ ಕೊಟ್ಟು ಚಕ್ರದ ಮೇಲೆಯೇ ಹಾಕಿ ಆಟ ಆಡಿಸುತ್ತಿದ್ದರು. ನೆಲದ ಮೇಲೆ ಎರಡು ಕಾಲಲ್ಲಿ ನಿಲ್ಲಲಿಕ್ಕೇ ತಿಣುಕುವ ನಮ್ಮ ಮನೆತನಕ್ಕೆ ಎಂಟು ಚಕ್ರದ ಮೇಲೆ ಓಡುವ ಆಟ. ನನ್ನ ಗ್ರಂಥಾಲಯಕ್ಕೆ ಬರುತ್ತಿದ್ದ ವಿದೇಶಿ ಪತ್ರಿಕೆಯೊಂದರಲ್ಲಿ ಹಿಮದ ನಾಡಿನವರು ಇದನ್ನೇ ಮಂಜುಗಡ್ಡೆಯ ಮೇಲೆ, ಬೂಟಿನ ಕೆಳಗೆ ಕತ್ತಿಯ ಅಲಗಿನಂಥದ್ದು ಕಟ್ಟಿಕೊಂಡು ಆಡುವ ಚಿತ್ರ ನೋಡಿದ್ದೆ. ನಮ್ಮ ಮಂಗಳೂರಿನಲ್ಲಿ ಮಂಜುಗಡ್ಡೆ ಇರುವುದು ಬಂದರಿನ ಧಕ್ಕೆಯ ಮೀನಿನ ಪೆಟ್ಟಿಗೆಯಲ್ಲಿ ಮತ್ತು ಐಸ್‌ಕ್ಯಾಂಡಿ ಡಬ್ಬದಲ್ಲಿ. ಎರಡರ ಮೇಲೂ ಆಡಲಿಕ್ಕೆ ಆಗುವುದಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನವಾಗಿತ್ತು.

ವಸು ಚೆನ್ನಾಗಿ ಆಡುತ್ತಿದ್ದಳು. ಇದನ್ನು ನಾನು ತಂದೆಯೆಂದು ಹೇಳುತ್ತಿಲ್ಲ, ಮಾಸ್ಟ್ರೇ ಹೇಳಿದ್ದು. ದಸರಾ ರಜೆಯಲ್ಲಿ ತಂಡ ಮೈಸೂರಿಗೆ ಹೋಗಿ ಅಲ್ಲಿಯ ಮಕ್ಕಳೊಡನೆ ಆಡುವುದೆಂದು ನಿಶ್ಚಯವಾಗಿತ್ತು, ಅದರಲ್ಲಿ ಅವಳ ಹೆಸರೂ ಇತ್ತು. ಆದರೆ ಒಂದು ಭಾನುವಾರ ದೇರೆಬೈಲಿನ ನಮ್ಮ ಮನೆಗೆ ಬಂದವಳೇ, "ನಾನು ಇನ್ನು ಹೋಗುವುದಿಲ್ಲ ಅಪ್ಪ, ಬೇಸರ ಬಂತು" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಹಿತ್ತಿಲಿಗೆ ಹೋದರೆ ನಳ್ಳಿಯ ಕೆಳಗೆ ಕೂತು ಸಾಕ್ಸ್ ತೊಳೆಯುತ್ತಿದ್ದಳು. ಬಿಳಿ ಸಾಕ್ಸಿನ ಕಿರುಬೆರಳಿನ ಜಾಗದಲ್ಲಿ ರಕ್ತದ ಕಲೆ. ನನ್ನನ್ನು ಕಂಡು ಸಾಕ್ಸನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಅವಳ ವಯಸ್ಸಿನಲ್ಲಿ ನಾನೂ ಫುಟ್‌ಬಾಲ್ ಬೇಸರ ಬಂತೆಂದು ಸುಳ್ಳು ಹೇಳಿ ಬಿಟ್ಟವನು. ಕಾರಣ ಇದೇ ಕಿರುಬೆರಳು. ಆ ಸುಳ್ಳನ್ನು ಯಾರೂ ಹಿಡಿಯಲಿಲ್ಲ, ಹಾಗಾಗಿ ಅದೇ ನಿಜವಾಗಿ ಉಳಿಯಿತು.

ಮಾಸ್ಟ್ರ ಬಳಿ ಇದ್ದ ಬೂಟುಗಳು ಎಲ್ಲಿಂದಲೋ ತರಿಸಿದ ಸಿದ್ಧ ಅಳತೆಯವು. ಉದ್ದ ಸರಿಯಾದರೆ ಅಗಲ ಹಿಂಡುತ್ತಿತ್ತು, ಅಗಲ ಸರಿಯಾದರೆ ಹಿಮ್ಮಡಿ ಒಳಗೇ ತಿರುಗಾಡುತ್ತಿತ್ತು. ಸಡಿಲ ಬೂಟು ಹಾಕಿಕೊಂಡು ಬಿದ್ದರೆ ಕಾಲು ಮುರಿದೀತು, ಮೈಸೂರಿಗೆ ಹೋಗುವ ಮೊದಲು ಸರಿಯಾದ ಬೂಟು ಮಾಡಿಸದಿದ್ದರೆ ಅವಳನ್ನು ಕರೆದುಕೊಂಡು ಹೋಗುವುದಿಲ್ಲ ಎಂದು ಮಾಸ್ಟ್ರು ಖಂಡಿತವಾಗಿ ಹೇಳಿದರು. ಉಳಿದದ್ದು ಮೂರು ವಾರ.

ಯಾರೋ ಐತಪ್ಪಣ್ಣನ ಹೆಸರು ಹೇಳಿದರು. ಮಾರ್ಕೆಟಿನ ಹಿಂದಿನ ಓಣಿಯಲ್ಲಿ ಒಬ್ಬರೇ ಕೂತು ಬೂಟು ಹೊಲಿಯುವ ಎಪ್ಪತ್ತರ ಹತ್ತಿರದ ಮುದುಕರು. ಒಂದು ಕಾಲದಲ್ಲಿ ಊರಿನ ಫುಟ್‌ಬಾಲ್ ಆಟಗಾರರಿಗೆಲ್ಲ ಅವರೇ ಬೂಟು ಮಾಡಿಕೊಟ್ಟವರು. ಚಕ್ರದ ವಿಷಯ ಕೇಳಿ ಅವರು ಗಾಬರಿಯಾಗಲಿಲ್ಲ. "ಬೂಟು ನಾನು ಮಾಡ್ತೇನೆ, ಚಕ್ರ ನೀವು ಯಾರ ಹತ್ರವಾದ್ರೂ ಹಾಕಿಸಿ" ಎಂದರು. ನಮ್ಮ ನೆರೆಮನೆಯವರು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಚಕ್ರದ ತಗಡನ್ನು ಹಳೆಯ ಬೂಟಿನಿಂದ ಬಿಚ್ಚಿ ಹೊಸದಕ್ಕೆ ಕೂರಿಸುವ ಹೊಣೆ ಅವರು ವಹಿಸಿಕೊಂಡರು. ಐತಪ್ಪಣ್ಣ ವಸುವನ್ನು ಸ್ಟೂಲಿನ ಮೇಲೆ ಕೂರಿಸಿ, ಕೆಳಗೆ ಕಂದು ಕಾಗದ ಹಾಸಿ, ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದರು. ಹತ್ತು ದಿನದಲ್ಲಿ ಚೆಂದದ ಕಪ್ಪು ಬೂಟು ಸಿದ್ಧವಾಯಿತು. ಚರ್ಮ ಎಷ್ಟು ಮೆದು, ಹೊಲಿಗೆ ಎಷ್ಟು ನೇರ. ವಸು ಕಾಲು ಹಾಕಿ ಎದ್ದು ನಿಂತಳು. ಮುಖ ಸಣ್ಣದಾಯಿತು. "ಸರಿ ಉಂಟು ಅಜ್ಜ" ಎಂದಳು.

ನನಗೆ ಆ "ಸರಿ ಉಂಟು" ಪರಿಚಿತ. ಜೀವಮಾನವಿಡೀ ಅಂಗಡಿಗಳಲ್ಲಿ ನಾನು ಹೇಳಿಕೊಂಡು ಬಂದದ್ದು ಅದನ್ನೇ. ಐತಪ್ಪಣ್ಣನಿಗೂ ಸಂಶಯ ಬಂತು. ಬೂಟು ಕಳಚಿಸಿ ಕಾಗದದ ಗೆರೆಯನ್ನೂ ಅವಳ ಪಾದವನ್ನೂ ನೋಡಿದರು. ತಮ್ಮ ಕೈ ತಪ್ಪಿತೆಂದು ಒಪ್ಪಿಕೊಳ್ಳುವ ಜಾತಿಯ ಮನುಷ್ಯರಲ್ಲ ಅವರು. ಇನ್ನೊಮ್ಮೆ ಅಳೆಯಲು ಕೈ ಚಾಚಿದರು, ಅಲ್ಲಿಯೇ ನಿಲ್ಲಿಸಿದರು. ಮತ್ತೆ ಚಾಚಿದರು, ಮತ್ತೆ ನಿಲ್ಲಿಸಿದರು. ನನಗೆ ಕಂಡದ್ದು ಆಗಲೇ. ಅವರ ಕೈ ಹತ್ತಿರ ಬಂದ ಕೂಡಲೇ ವಸುವಿನ ಐದು ಬೆರಳೂ ನಾಚಿಕೆ ಮುಳ್ಳಿನ ಎಲೆಯ ಹಾಗೆ ಒಳಕ್ಕೆ ಮುದುಡಿಕೊಳ್ಳುತ್ತಿದ್ದವು. ಕಾಗದಕ್ಕೆ ಪಾದ ಮುಟ್ಟಿದರೂ ಮುಟ್ಟದ ಹಾಗೆ ಹಿಮ್ಮಡಿಯನ್ನು ಎತ್ತಿಹಿಡಿದಿದ್ದಳು. ಮೊದಲ ಸಲವೂ ಹಾಗೆಯೇ ಕೊಟ್ಟಿರಬೇಕು, ಮುಷ್ಟಿ ಬಿಗಿದ ಪಾದ.

ಐತಪ್ಪಣ್ಣ ತಲೆಯೆತ್ತಿ ನನ್ನ ಕಡೆ ನೋಡಲಿಲ್ಲ, ನನ್ನ ಕಾಲಿನ ಕಡೆ ನೋಡಿದರು. ಚಪ್ಪಲಿಯೊಳಗೆ ನನ್ನ ಬೆರಳುಗಳೂ ಮುದುಡಿಕೊಂಡಿದ್ದವು.

"ಇದು ಕಾಲಿನ ದೋಷ ಅಲ್ಲ ಭಟ್ರೆ," ಎಂದರು, "ಇದು ನಿಮ್ಮ ಮನೆಯ ಮರ್ಯಾದೆಯ ದೋಷ."

ಮಾತು ನಿಜ. ನಮ್ಮ ಮನೆಯಲ್ಲಿ ಮಗು ನಡೆಯಲು ಕಲಿಯುವ ಮೊದಲೇ ಕಾಲನ್ನು ಅಡಗಿಸಲು ಕಲಿಯುತ್ತದೆ. ಹಿರಿಯರ ಕಡೆ ಕಾಲು ಚಾಚಬಾರದು, ದೀಪದ ಕಡೆ ಚಾಚಬಾರದು, ಪುಸ್ತಕದ ಕಡೆ ಚಾಚಬಾರದು. ಯಾರಿಗಾದರೂ ತಾಗಿತೋ, ಕೂಡಲೇ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಅಜ್ಜನ ವಯಸ್ಸಿನವರು ಬಗ್ಗಿ ನಮ್ಮ ಕಾಲಿಗೆ ಕೈ ಹಾಕುವುದೆಂದರೆ ಏಳೇಳು ಜನ್ಮದ ಪಾಪ. ಅಂಗಡಿಯವರು ಅಳತೆ ಪಟ್ಟಿ ತಂದರೆ ನಾನು, "ಬೇಡ ಬೇಡ, ನಾನೇ ಹಾಕಿ ನೋಡ್ತೇನೆ" ಎಂದು ಕಾಲೆಳೆದುಕೊಳ್ಳುತ್ತಿದ್ದೆ. ಹಾಕಿ ನೋಡುವಾಗಲೂ ಎದುರಿಗೆ ಅವರು ಬಗ್ಗಿ ಕೂತಿರುತ್ತಿದ್ದುದರಿಂದ ಬೆರಳು ಬಿಡಿಸುತ್ತಿರಲಿಲ್ಲ. ಅಂಗಡಿಯಲ್ಲಿ ಸರಿಯಾದ ಶೂ ಗುಡ್ಡ ಹತ್ತುವಾಗ ಯಾಕೆ ಕಚ್ಚುತ್ತದೆ ಎಂಬ ಇಷ್ಟು ವರ್ಷಗಳ ಒಗಟು ಆ ಓಣಿಯಲ್ಲಿ ಬಿಡಿಸಿಕೊಂಡಿತು. ಪಾದವನ್ನು ಬೈದೆ, ಶೂವನ್ನು ಬೈದೆ, ವಂಶವನ್ನು ಬೈದೆ. ಸರಿಯಾದ ಕಾಲನ್ನು ನಾನು ಯಾರಿಗೂ ತೋರಿಸಿಯೇ ಇರಲಿಲ್ಲ.

"ಬೆರಳು ಬಿಡಿಸು ಮಗಾ" ಎಂದೆ. ವಸು ಪ್ರಯತ್ನಪಟ್ಟಳು. ಕೈ ಬಂದರೆ ಮತ್ತೆ ಮುದುಡಿದವು. "ನಾನು ಮಾಡುವುದಲ್ಲ ಅಪ್ಪ, ಅದೇ ಆಗುವುದು" ಎಂದು ಅಳುವ ದನಿಯಲ್ಲಿ ಹೇಳಿದಳು. ಮೈಸೂರು ಅವಳ ಕಣ್ಣೆದುರಿನಿಂದಲೇ ಜಾರಿ ಹೋಗುತ್ತಿತ್ತು.

ಐತಪ್ಪಣ್ಣ ಪೆನ್ಸಿಲನ್ನು ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು. "ನಿನ್ನ ಕಾಲು ನನಗೆ ತಾಗಿದರೆ ನೀನು ಎಂತ ಮಾಡ್ತೀ?" ಎಂದು ಕೇಳಿದರು.

"ಮುಟ್ಟಿ ನಮಸ್ಕಾರ ಮಾಡ್ತೇನೆ ಅಜ್ಜ."

"ಹಾಗಾದರೆ ಅದನ್ನು ಈಗಲೇ ಮಾಡಿಬಿಡು. ಮತ್ತೆ ಎಷ್ಟು ಬೇಕಾದರೂ ತಾಗಲಿ, ತೊಂದರೆ ಇಲ್ಲ."

ಅವರು ತಮಾಷೆಗೆ ಹೇಳಿದ್ದೆಂದು ಈಗಲೂ ನನ್ನ ನಂಬಿಕೆ. ಗಾಳಿಯಲ್ಲಿ ಒಮ್ಮೆ ಕೈ ಮುಗಿದರೆ ಸಾಕೆಂದು ಅವರು ಎಣಿಸಿದ್ದಿರಬೇಕು. ಆದರೆ ವಸು ಸ್ಟೂಲಿನಿಂದ ಇಳಿದು, ಚರ್ಮದ ಚೂರುಗಳ ನಡುವೆ ಮೊಣಕಾಲೂರಿ, ಅವರ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ನಾನು ಸುಳ್ಳು ಹೇಳಬಾರದು. ಅರ್ಚಕರ ಮೊಮ್ಮಗಳು ಬೂಟು ಹೊಲಿಯುವವರ ಕಾಲು ಹಿಡಿದದ್ದನ್ನು ಅಪ್ಪ ನೋಡಿದ್ದರೆ ಏನೆನ್ನುತ್ತಿದ್ದರು ಎಂದು ಮನಸ್ಸು ಹಿಂದೆ ಓಡಿತು. ಮರುಕ್ಷಣ ಹಾಗೆ ಓಡಿದ್ದಕ್ಕೇ ನಾಚಿಕೆಯಾಯಿತು. ಐತಪ್ಪಣ್ಣನಿಗೂ ಇದು ಅಭ್ಯಾಸವಿಲ್ಲದ ಸಂಗತಿ. ಅವಳ ಕೈ ತಾಗಿದ ಕೂಡಲೇ ಪಾದಗಳೆರಡನ್ನೂ ಸರಕ್ಕನೆ ಹಿಂದಕ್ಕೆಳೆದುಕೊಂಡು, "ಸಾಕು ಸಾಕು, ದೇವರು ಒಳ್ಳೇದು ಮಾಡಲಿ" ಎಂದು ಗಡಿಬಿಡಿಯಲ್ಲಿ ಕಾಗದ ಸರಿಮಾಡತೊಡಗಿದರು.

ಈ ಸಲ ಅವಳನ್ನು ಕೂರಿಸಲಿಲ್ಲ, ಕಾಗದದ ಮೇಲೆ ನಿಲ್ಲಿಸಿದರು. ವಸು ನಿಂತಳು. ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡು ನೆಲಕ್ಕೆ ಹರಡಿದವು. ಐತಪ್ಪಣ್ಣನ ಪೆನ್ಸಿಲ್ ಕಿರುಬೆರಳನ್ನು ಸವರಿಕೊಂಡು ಹೋಯಿತು, ಹೆಬ್ಬೆರಳನ್ನು ಸವರಿಕೊಂಡು ಬಂತು, ಯಾವುದೂ ಅಲುಗಲಿಲ್ಲ. ಹೊಸ ಗೆರೆಯ ಪಕ್ಕದಲ್ಲಿ ಹಳೆಯದನ್ನು ಇಟ್ಟು ನೋಡಿದರೆ ಅಕ್ಕ ತಂಗಿಯರ ಪಾದದ ಹಾಗೆ ಕಾಣುತ್ತಿತ್ತು. "ಇಷ್ಟು ಕಾಲು ಎಲ್ಲಿ ಅಡಗಿಸಿ ಇಟ್ಟಿದ್ದೆ ಮಾರಾಯ್ತಿ?" ಎಂದರು ಐತಪ್ಪಣ್ಣ. ವಸು ನಕ್ಕಳು. ಎಷ್ಟೋ ದಿನಗಳ ಮೇಲೆ ಅವಳು ನಕ್ಕದ್ದು ಕೇಳಿ ನನ್ನ ಹೆಗಲಿನಿಂದ ಅಕ್ಕಿಮುಡಿ ಇಳಿಸಿದಷ್ಟು ಹಗುರವಾಯಿತು.

ಎರಡನೆಯ ಬೂಟು ಒಂದು ವಾರದಲ್ಲಿ ಬಂತು. ಬೈಕಂಪಾಡಿಯಿಂದ ಚಕ್ರ ಕೂರಿಸಿಕೊಂಡು ಬಂದದ್ದು ಮೈಸೂರಿಗೆ ಹೊರಡುವ ಹಿಂದಿನ ಶನಿವಾರ. ಸಿಮೆಂಟಿನ ಅಂಗಳದಲ್ಲಿ ವಸು ಒಂದು ಸುತ್ತು ಹಾಕಿದಳು, ಎರಡು ಸುತ್ತು ಹಾಕಿದಳು. ಮೂರನೆಯ ಸುತ್ತಿನಲ್ಲಿ ನನ್ನ ಮುಂದೆ ಹಾದುಹೋಗುತ್ತಾ, "ಅಪ್ಪ, ಕಾಲು ಉಂಟೋ ಇಲ್ಲವೋ ಅಂತ ಗೊತ್ತೇ ಆಗುವುದಿಲ್ಲ" ಎಂದು ಕೂಗಿ ಹೇಳಿದಳು. ಬೂಟಿಗೆ ಇದಕ್ಕಿಂತ ದೊಡ್ಡ ಬಿರುದು ಇರಲಾರದು. ಮೈಸೂರಿನಲ್ಲಿ ತಂಡ ಸೋತಿತು, ಅವಳು ಎರಡು ಗೋಲು ಹೊಡೆದಳು. ಸಾಕ್ಸ್‌ಗಳನ್ನು ತೊಳೆಯದೆ ಹಾಗೆಯೇ ಸುತ್ತಿ ತಂದು ಅಮ್ಮನಿಂದ ಬೈಸಿಕೊಂಡಳು. ನಾನು ಅವನ್ನು ಬಿಡಿಸಿ ನೋಡಿದೆ. ಕೊಳೆ ಬಿಟ್ಟರೆ ಬೇರೆ ಯಾವ ಕಲೆಯೂ ಇರಲಿಲ್ಲ.

ಅದಾಗಿ ಒಂದು ತಿಂಗಳ ಮೇಲೆ ನಾನೊಬ್ಬನೇ ಓಣಿಗೆ ಹೋದೆ. ನಲವತ್ತು ದಾಟಿದ ಮೇಲಾದರೂ ಒಂದು ಸರಿಯಾದ ಶೂ ಹಾಕಿ ನೋಡೋಣವೆಂಬ ಆಸೆ. ಐತಪ್ಪಣ್ಣ ಕಾಗದ ಹಾಸಿದರು. ನಾನು ನಿಂತೆ. ಅವರ ಕೈ ಹತ್ತಿರ ಬಂತು, ನನ್ನ ಹತ್ತು ಬೆರಳೂ ಒಳಕ್ಕೆ ಸರಿದವು. ಅವರು ಪೆನ್ಸಿಲ್ ಹಿಡಿದು ಕಾದು ಕೂತರು. ಓಣಿಯಲ್ಲಿ ಜನ ಹೋಗಿ ಬರುತ್ತಿದ್ದರು, ನಮ್ಮ ದೇವಸ್ಥಾನಕ್ಕೆ ಬರುವವರೂ ಅವರಲ್ಲಿ ಇದ್ದಿರಬಹುದು. ನಾನು ಬಗ್ಗಿದೆ. ಅವರ ಪಾದಗಳು ಸರಕ್ಕನೆ ಸ್ಟೂಲಿನ ಕೆಳಗೆ ಓಡಿದವು.

"ನೀವು ಬೇಡ ಭಟ್ರೆ" ಎಂದರು.

"ಹಾಗಾದರೆ ಅಳತೆ ಸಿಗುವುದಿಲ್ಲ ಐತಪ್ಪಣ್ಣ" ಎಂದೆ.

ಅವರು ಪೆನ್ಸಿಲನ್ನು ಕೆಳಗಿಟ್ಟರು. ಆಮೇಲೆ ಸ್ಟೂಲಿನ ಕೆಳಗಿನಿಂದ ಪಾದಗಳನ್ನು ಮೆಲ್ಲಗೆ, ಒಂದರ ಹಿಂದೆ ಒಂದು, ಹೊರಗೆ ತಂದಿಟ್ಟರು. ಮುಟ್ಟುವಾಗ ನೋಡಿದೆ. ಅವೂ ನಮ್ಮವರ ಪಾದಗಳಷ್ಟೇ ಅಗಲವಿದ್ದವು.