ಅವ್ವನ ಮಂಚದವರೆಗೆ ವೈ-ಫೈ

ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ತಲೆ ಹಣ್ಣಾದವನು ನಾನು. ವಿದ್ಯುತ್ಕಾಂತ ಅಲೆಗಳ ಪಾಠವೆಂದರೆ ನನಗೆ ಹೋಳಿಗೆ ತಿಂದಂತೆ. ಗಾಳಿಯಲ್ಲಿ ಹೇಗೆ ಹೋಗುತ್ತವೆ, ಗೋಡೆ ಅಡ್ಡ ಬಂದರೆ ಏನಾಗುತ್ತದೆ, ಎಲ್ಲ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಹುಡುಗರ ಕೈಯಲ್ಲಿ ಸೈ ಅನ್ನಿಸಿಕೊಂಡವನು. ಅಂಥ ನಾನು ಒಂದು ವರ್ಷ ದಸರೆಯ ದಿನದಿಂದ ನಾಲ್ಕು ದಿನ ನನ್ನ ಮನೆಯ ಪಡಸಾಲೆಯಿಂದ ಒಳಕೋಣೆಗೆ ಆ ಅಲೆ ಮುಟ್ಟಿಸಲಾರದೆ ಒದ್ದಾಡಿದೆ. ಈ ಸಂಗತಿಯನ್ನು ಹುಡುಗರಿಗೆ ಯಾವತ್ತೂ ಹೇಳಲಿಲ್ಲ. ಈಗ ನಿವೃತ್ತನಾಗಿದ್ದೇನೆ, ಹೇಳಿದರೆ ಅಡ್ಡಿಯಿಲ್ಲ.

ಅದು ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಜ್ಜನ ಕಾಲದ್ದು, ಶಹಾಬಾದ ಕಲ್ಲಿನ ಎರಡು ಅಡಿ ದಪ್ಪದ ಗೋಡೆ. ಶ್ರಾವಣದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಮೇಲಿನ ಎಲುಬು ಮುರಿದುಕೊಂಡಿದ್ದಳು. ಸಲಾಕೆ ಹಾಕಿ ಕಳಿಸಿದ ಡಾಕ್ಟರು, ಮೂರು ತಿಂಗಳು ಮಂಚ ಬಿಟ್ಟು ಇಳಿಸಬೇಡಿ ಎಂದಿದ್ದರು. ಒಳಕೋಣೆಯ ಮಂಚದ ಮೇಲೆ ಮಲಗಿಯೇ ಅವ್ವ ಇಡೀ ಮನೆ ನಡೆಸುತ್ತಿದ್ದಳು. ಬೇಳೆ ಸೀಯುವುದು ಒಲೆಯ ಮುಂದೆ ನಿಂತ ನನ್ನ ಹೆಂಡತಿಗಿಂತ ಮೊದಲು ಅವಳ ಮೂಗಿಗೆ ತಿಳಿಯುತ್ತಿತ್ತು.

ಅವ್ವನ ತವರು ಕಮಲಾಪುರ. ಅಲ್ಲಿ ಅವಳ ಒಬ್ಬಳೇ ಅಕ್ಕ ಇದ್ದಳು, ನನ್ನ ದೊಡ್ಡವ್ವ. ಇಬ್ಬರನ್ನೂ ಒಂದೇ ಊರಿನೊಳಗೆ ಕೊಡಬೇಕಿತ್ತಂತೆ, ಆಗಲಿಲ್ಲ. ಅವ್ವ ಕಲಬುರಗಿಗೆ ಬಂದಳು, ದೊಡ್ಡವ್ವ ಕಮಲಾಪುರದಲ್ಲೇ ಉಳಿದಳು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ದೊಡ್ಡವ್ವ ತಿಂಗಳಿಗೊಮ್ಮೆ ಕೆಂಪು ಬಾಳೆಹಣ್ಣಿನ ಗೊನೆ ಹೊತ್ತುಕೊಂಡು ಬರುವಳು, ಇಬ್ಬರೂ ಹಿತ್ತಲಲ್ಲಿ ಕುಳಿತು ಸಂಜೆಯವರೆಗೆ ಲೋಕದ ಹೆಣ್ಣುಮಕ್ಕಳ ತಪ್ಪೆಲ್ಲ ಎಣಿಸುವರು. ಆ ವರ್ಷ ಅದು ನಿಂತುಹೋಯಿತು. ದೊಡ್ಡವ್ವನಿಗೆ ಕಾಚಬಿಂದು ಆಗಿತ್ತು. ಕಣ್ಣಿನ ನರ ಒಣಗುವ ರೋಗ, ಹೋದ ನೋಟ ಮರಳಿ ಬರುವುದಿಲ್ಲ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದಕ್ಕೆ ಆಪರೇಶನ್ ಮಾಡಿ, ತಲೆ ಅಲುಗಬಾರದು, ಗಾಡಿ ಹತ್ತಬೇಡಿ ಎಂದು ತಾಕೀತು ಮಾಡಿದ್ದರು. ಅಲುಗದಂತೆ ಬರಲು ಆಗ ನಡುವಿನ ಹುಮನಾಬಾದ ರಸ್ತೆ ರಸ್ತೆಯಾಗಿ ಉಳಿದಿರಲಿಲ್ಲ, ಮಳೆಗೆ ಕೊಚ್ಚಿ ಬರೀ ತೆಗ್ಗು ಬಿದ್ದಿತ್ತು. ಉಳಿದ ಕಣ್ಣು ಎಷ್ಟು ದಿನ ಇರುತ್ತದೆ ಎಂದರೆ ಡಾಕ್ಟರಿಗೂ ಗೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವ್ವ ನನ್ನನ್ನು ಹತ್ತಿರ ಕರೆದಳು.

"ಫೋನಿನ್ಯಾಗ ದಿನಾ ಮಾತಾಡ್ತೀವಿ ಖರೆ. ಆದ್ರ ಅಕ್ಕನ ಕಣ್ಣ ಇರೂತನಕ ಒಮ್ಮಿ ನನ್ನ ಮಾರಿ ನೋಡ್ಲಿ ಅಂತ ಅನಸ್ತದಪ್ಪಾ. ಅದೇನೋ ಕಂಪ್ಯೂಟರಿನ್ಯಾಗ ಮಾರಿ ಕಾಣಸ್ತದಂತಲ್ಲ."

ಅವ್ವ ಏನನ್ನೂ ಕೇಳಿದವಳಲ್ಲ. ದೊಡ್ಡವ್ವನ ಮಗ, ನನಗೆ ವರಸೆಯಲ್ಲಿ ತಮ್ಮ, ಕಮಲಾಪುರದ ಮನೆಯ ಮುಂಭಾಗದಲ್ಲೇ ಝೆರಾಕ್ಸ್ ಮತ್ತು ಇಂಟರ್‌ನೆಟ್ಟಿನ ಅಂಗಡಿ ಇಟ್ಟಿದ್ದ. ದೊಡ್ಡವ್ವ ಹತ್ತು ಹೆಜ್ಜೆ ನಡೆದರೆ ಕಂಪ್ಯೂಟರಿನ ಮುಂದೆ. ಅಡಚಣೆ ನಮ್ಮ ಮನೆಯಲ್ಲೇ ಇತ್ತು. ನಮ್ಮ ಕಂಪ್ಯೂಟರು ಪಡಸಾಲೆಯ ಮೇಜಿನ ಮೇಲೆ, ಅವ್ವ ಒಳಕೋಣೆಯ ಮಂಚದ ಮೇಲೆ. ಮಂಚ ಬಾಗಿಲು ದಾಟುವಂತಿಲ್ಲ.

ಮಹಾನವಮಿಯ ಹಿಂದಿನ ದಿನ ಸುಪರ್ ಮಾರ್ಕೆಟ್ ಎಂಬ ಪೇಟೆಗೆ ಹೋಗಿ ಒಂದು ಲ್ಯಾಪ್‌ಟಾಪು, ಒಂದು ವೈ-ಫೈ ರೌಟರು ತಂದೆ. ಅಂಗಡಿಯವನು ವೈರಿಲ್ಲದೆ ನೆಟ್ಟು ಹಚ್ಚಿ ತೋರಿಸಿಯೇ ಕೊಟ್ಟಿದ್ದ. ಮನೆಗೆ ಬಂದು ಹೇಳಿದೆ, ಇನ್ನು ಅವ್ವನ ಮಂಚದವರೆಗೆ ನೆಟ್ಟು ತಾನಾಗಿ ನಡೆದು ಬರುತ್ತದೆ ಎಂದು.

"ಹತ್ತು ಮಾರು ವೈರ್ ತಂದಿದ್ರ ಮುಗೀತಿತ್ತಲ್ರಿ," ಎಂದಳು ಹೆಂಡತಿ.

"ವೈರ್ ಬ್ಯಾಡಂತೇ ಇದನ್ನ ತಂದೀನಿ. ತಿಳೀದಿದ್ರ ಸುಮ್ಕಿರು."

ಅವಳು ಸುಮ್ಮನಾದಳು. ಅವಳು ಸುಮ್ಮನಾದಾಗೆಲ್ಲ ನಾನು ಹೆದರಬೇಕು, ಆದರೆ ಅವತ್ತು ಹೆದರಲಿಲ್ಲ.

ರೌಟರನ್ನು ಪಡಸಾಲೆಯಲ್ಲಿ ಜೋಡಿಸಿದೆ. ಲ್ಯಾಪ್‌ಟಾಪಿಗೆ ಕೈ ಹಾಕುವಷ್ಟರಲ್ಲಿ ಒಳಗಿನಿಂದ ಅವ್ವನ ಹುಕುಂ ಬಂತು. "ನಾಳಿ ಖಂಡೆ ಪೂಜಿ ಅದ. ಹೊಸಾ ಸಾಮಾನು, ಪೂಜಿ ಆಗದ ಕೈ ಹಚ್ಚಬ್ಯಾಡ." ನಮ್ಮಲ್ಲಿ ನವಮಿಯ ದಿನ ಮನೆಯಲ್ಲಿ ಕೆಲಸ ಮಾಡುವ ಎಲ್ಲ ಸಾಮಾನಿಗೂ ವಿಭೂತಿ ಹಚ್ಚಿ, ಹೂ ಏರಿಸಿ, ಅವತ್ತೊಂದು ದಿನ ಮುಟ್ಟದೆ ವಿಶ್ರಾಂತಿ ಕೊಡುವ ರೂಢಿ. ಮರುದಿನ ಈಳಿಗೆ, ಕುಡುಗೋಲು, ಹೊಲಿಗೆ ಯಂತ್ರ, ನನ್ನ ಸ್ಕೂಟರಿನ ಸಾಲಿನಲ್ಲಿ ಲ್ಯಾಪ್‌ಟಾಪೂ ಕುಳಿತಿತ್ತು. ಹೆಂಡತಿ ವಿಭೂತಿಯನ್ನು ನೀರಿನಲ್ಲಿ ಕಲಸಿ ಅದರ ಹೊಳೆಯುವ ಕರಿ ಮುಚ್ಚಳದ ಮೇಲೆ ಮೂರು ಬೆರಳು ಧಾರಾಳವಾಗಿ ಎಳೆದಿದ್ದಳು. ಎಳೆದದ್ದು ಸಾಲದೆಂದು ಸೋರಿ ಅಂಚಿಗೂ ಇಳಿದಿತ್ತು. ಮೇಲೊಂದು ಚೆಂಡುಹೂವು. ನನ್ನ ಪಿತ್ತ ನೆತ್ತಿಗೇರಿತು. ಇದೇನು ಕೊಡಲಿಯೇ, ಕುರುಪಿಯೇ, ಒಳಗೆ ಬೂದಿ ಹೋದರೆ ಯಾರು ಹೊಣೆ ಎಂದು ಹಬ್ಬದ ದಿನವೇ ಕೂಗಾಡಿದೆ. ದಶಮಿಯ ಬೆಳಿಗ್ಗೆ ಎದ್ದವನೇ ಹಸಿ ಬಟ್ಟೆ ತೆಗೆದುಕೊಂಡು ಮೇಲೆ, ಕೆಳಗೆ, ಅಂಚು, ಮೂಲೆ ಒಂದನ್ನೂ ಬಿಡದೆ ತಿಕ್ಕಿ ತಿಕ್ಕಿ ಒರೆಸಿದೆ. ಸಿಟ್ಟಿನಲ್ಲಿ ಒರೆಸಿದ್ದು, ಕೈಗೆ ಬಲ ಬಂದಿತ್ತು.

ಆಮೇಲೆ ಲ್ಯಾಪ್‌ಟಾಪನ್ನು ಅವ್ವನ ಮಂಚದ ಮೇಲಿಟ್ಟು ತೆರೆದೆ. ಯಾವ ನೆಟ್‌ವರ್ಕೂ ಸಿಗುತ್ತಿಲ್ಲ ಎಂದು ತೋರಿಸಿತು.

ನನಗೆ ಕಾರಣ ಆ ಕ್ಷಣವೇ ಹೊಳೆಯಿತು: ಗೋಡೆ. ಎರಡು ಅಡಿ ಕಲ್ಲು, ಅಲೆ ಹೇಗೆ ದಾಟೀತು? ಅವ್ವನಿಗೂ ಹೆಂಡತಿಗೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಟೆಲಿಫೋನಿನ ತಂತಿ ಉದ್ದ ಮಾಡಿ ರೌಟರನ್ನು ನಡುಮನೆಯ ಕಪಾಟಿನ ಮೇಲೇರಿಸಿದೆ. ಆಗಲಿಲ್ಲ. ಜೋಳದ ಪೀಪಾಯಿಯ ಮೇಲಿಟ್ಟೆ, ಆಗಲಿಲ್ಲ. ಕೊನೆಗೆ ಅವ್ವನ ತಲೆಯ ಮೇಲಿನ ಗೂಡಿಗೇ ತಂದಿಟ್ಟೆ. ರೌಟರಿಗೂ ಲ್ಯಾಪ್‌ಟಾಪಿಗೂ ನಡುವೆ ಒಂದು ಗೇಣು, ಗೋಡೆ ಎಂಬುದೇ ಇಲ್ಲ. ಆದರೂ ಇಲ್ಲ.

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ," ಎಂದು ಅವ್ವ ಮಲಗಿದಲ್ಲೇ ನಕ್ಕಳು. "ನಿಮ್ಮಜ್ಜ ಕಟ್ಟಿಸಿದ ಗ್ವಾಡಿ, ಸುಮ್ಕ ಬೈಯಬ್ಯಾಡ."

ಗೋಡೆಯ ತಪ್ಪಿಲ್ಲವೆಂದ ಮೇಲೆ ಇನ್ನೊಬ್ಬರ ತಪ್ಪು ಬೇಕಲ್ಲ. ಹೆಂಡತಿಯ ವಿಭೂತಿ ಇತ್ತು. ಬೂದಿ ಒಳಗೆ ಹೋಗಿದೆ ಎಂದು ಎರಡನೆಯ ದಿನವೆಲ್ಲ ಅವಳನ್ನು ಆಡಿಕೊಂಡೆ. ಅವಳು ನನ್ನ ತಾಟಿಗೆ ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ. ಅವತ್ತು ಸಂಜೆ ಕಮಲಾಪುರದಿಂದ ತಮ್ಮನ ಫೋನು ಬಂತು.

"ಅಣ್ಣಾ, ಅವ್ವ ಎಣ್ಣಿ ಹಚ್ಚಿ ತಲಿ ಹಿಕ್ಕೊಂಡು ಮುಂಜಾನಿಂದ ಅಂಗಡಿನ್ಯಾಗ ಕುಂತಾಳ. ಗಿರಾಕಿ ಬಂದ್ರ ನನ್ನ ತಂಗಿ ಬರ್ತಾಳ, ಕುರ್ಚಿ ಬಿಡ್ರಿ ಅಂತಾಳ. ಯಾವಾಗ ಆಗ್ತದ?"

"ಕಣ್ಣು ಹ್ಯಾಂಗ ಅದಾವೋ?"

"ಮಾರಿ ಹಿಡೀತಾಳ. ಹತ್ತಿರ ಬಂದ್ರ."

ನಾಳೆ ಖಂಡಿತ ಎಂದೆ. ಹೆಂಡತಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು, "ವೈರ್ ತರ್ಲೇನ್ರಿ?" ವೈರಿನ ಅಂಗಡಿ ಕೂಗಳತೆಯಲ್ಲಿತ್ತು. ಹೂಂ ಎಂದಿದ್ದರೆ ಆ ಸಂಜೆಯೇ ಕೆಲಸ ಆಗುತ್ತಿತ್ತು. ನಾನು ಬೇಡ ಎಂದೆ. ಆ 'ಬೇಡ' ಇವತ್ತಿಗೂ ನನ್ನ ಎದೆಯಲ್ಲಿ ಚುಚ್ಚುತ್ತದೆ.

ಮೂರನೆಯ ದಿನ ಕಾಲೇಜಿಗೆ ರಜೆ ಹಾಕಿದೆ. ಸಹಾಯದ ನಂಬರಿಗೆ ಫೋನು ಹಚ್ಚಿದರೆ ಒಬ್ಬ ಹೆಣ್ಣುಮಗಳು ತುಂಬ ನಯವಾಗಿ, ರೌಟರು ಆಫ್ ಮಾಡಿ, ಹತ್ತು ಎಣಿಸಿ, ಆನ್ ಮಾಡಿ ಸರ್ ಎಂದಳು. ಎಣಿಸಿದೆ. ಇಪ್ಪತ್ತರವರೆಗೂ ಎಣಿಸಿದೆ. ರೌಟರನ್ನು ಮತ್ತೆ ಪಡಸಾಲೆಗೆ ತಂದು ಕಂಪ್ಯೂಟರಿಗೆ ಜೋಡಿಸಿ ಅದರ ಒಳಗಿನ ಪುಟ ತೆಗೆದು ನೋಡಿದರೆ ವೈರ್‌ಲೆಸ್ ಎಂಬುದರ ಮುಂದೆ ಸರಿ ಗುರುತು ಮೊದಲೇ ಇತ್ತು. ಅದನ್ನು ತೆಗೆದು ಮತ್ತೆ ಹಾಕಿದೆ. ಹೆಸರು ಬದಲಿಸಿದೆ, ಪಾಸ್‌ವರ್ಡು ಬದಲಿಸಿದೆ, ಬದಲಿಸಿದ ಪಾಸ್‌ವರ್ಡು ಮರೆತೆ. ರೌಟರಿನ ಬೆನ್ನಿನ ಸಣ್ಣ ತೂತಿಗೆ ಅವ್ವನ ಕೌದಿ ಸೂಜಿ ಚುಚ್ಚಿ ರೀಸೆಟ್ ಮಾಡಿದೆ. ಆಗ ಮೇಜಿನ ಕಂಪ್ಯೂಟರಿಗೆ ಬರುತ್ತಿದ್ದ ನೆಟ್ಟೂ ಹೋಯಿತು. ಟೆಲಿಫೋನ್ ಆಫೀಸಿಗೆ ಹೋಗಿ ನಮ್ಮ ಲೆಕ್ಕದ ಹೆಸರು, ಗುಪ್ತಪದ ಬರೆಸಿಕೊಂಡು ಬಂದು ಅದನ್ನು ಮತ್ತೆ ಕೂಡಿಸುವಷ್ಟರಲ್ಲಿ ದಿನ ಮುಗಿದಿತ್ತು. ಮೂರು ದಿನ ದುಡಿದು ಹೊರಟಲ್ಲಿಗೇ ಬಂದು ನಿಂತಿದ್ದೆ.

ನಾಲ್ಕನೆಯ ದಿನ ಮಧ್ಯಾಹ್ನ ಲ್ಯಾಪ್‌ಟಾಪನ್ನು ಅವ್ವನ ಪಕ್ಕದಲ್ಲಿಟ್ಟು, ತೆರೆದು, ತಲೆ ಹಿಡಿದುಕೊಂಡು ಕುಳಿತಿದ್ದೆ. ಹೆಂಡತಿಗೆ, ವೈರು ತಂದುಬಿಡು ಎಂದು ಹೇಳಲು ಬಾಯಿ ತೆರೆಯಬೇಕು, ಬರುತ್ತಿಲ್ಲ. ಅವ್ವ ಅಡ್ಡ ಮಲಗಿದ್ದಳು. ಲ್ಯಾಪ್‌ಟಾಪಿನ ಮುಂದಿನ ಅಂಚು ಸರಿಯಾಗಿ ಅವಳ ಕಣ್ಣಿನ ಎದುರು ಇತ್ತು. ನಾನು ನಾಲ್ಕು ದಿನ ಅದನ್ನು ಮೇಲಿನಿಂದ ನೋಡಿದವನು, ಅವಳು ಅದರ ಎತ್ತರಕ್ಕೇ ಮಲಗಿದವಳು.

"ಇಲ್ಲಿ ಸಂದಿನ್ಯಾಗ ವಿಭೂತಿ ಕುಂತದಲ್ಲೋ," ಎಂದಳು. "ಅಷ್ಟು ತಿಕ್ಕಿದಿ, ಇದು ಬಿಟ್ಟಿ ನೋಡು."

ಹೇಳುತ್ತಲೇ ಉಗುರಿನಿಂದ ಕೆರೆದಳು. ಟಕ್ ಎಂದಿತು. ಅಲ್ಲಿ ಅಕ್ಕಿಕಾಳಿನಷ್ಟು ಒಂದು ಗುಂಡಿ, ಅವಳ ಉಗುರಿಗೆ ಬಲಕ್ಕೆ ಸರಿಯಿತು. ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣ ಇದ್ದ ಚುಕ್ಕೆಯಂಥ ದೀಪ ನೀಲಿಯಾಯಿತು. ಪರದೆಯ ಮೂಲೆಯಲ್ಲಿ ನಮ್ಮ ರೌಟರಿನ ಹೆಸರು ಮೂಡಿತು.

ಅದು ವೈ-ಫೈ ಹಚ್ಚುವ, ಆರಿಸುವ ಗುಂಡಿ. ಆಗಿನ ಲ್ಯಾಪ್‌ಟಾಪುಗಳ ಅಂಚಿಗೆ ಅದೊಂದು ಇರುತ್ತಿತ್ತು. ವಿಭೂತಿ ಅದಕ್ಕೆ ಏನೂ ಮಾಡಿರಲಿಲ್ಲ. ದಶಮಿಯ ಬೆಳಿಗ್ಗೆ ಸಿಟ್ಟಿನಿಂದ ತಿಕ್ಕಿ ಒರೆಸಿದ ನನ್ನ ಕೈಯೇ ಅದನ್ನು ಆರಿಸಿತ್ತು.

ಹೆಂಡತಿ ಬಂದು ಬಗ್ಗಿ ನೋಡಿದಳು. "ಬಗಲಾಗ ಕೂಸ ಇಟ್ಕೊಂಡು ಊರೆಲ್ಲ ಹುಡುಕಿದ್ರಿ," ಎಂದಳು. ನಾಲ್ಕು ದಿನದಲ್ಲಿ ಅವಳು ನಕ್ಕದ್ದು ಅದೇ ಮೊದಲು. ತಪ್ಪಾಯಿತು ಎಂದೆ. ಮದುವೆಯಾದಾಗಿನಿಂದ ಆ ಮಾತನ್ನು ನಾನು ಎಷ್ಟು ಸಲ ಹೇಳಿದ್ದೇನೆ ಎಂಬುದು ಅವಳಿಗೆ ಚೆನ್ನಾಗಿ ನೆನಪಿದೆ, ಅಷ್ಟು ಕಡಿಮೆ.

ಕಮಲಾಪುರದಲ್ಲಿ ಆಗ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕರೆಂಟು ಇರುತ್ತಿರಲಿಲ್ಲ. ಅಷ್ಟರೊಳಗೆ ಹೆಂಡತಿ ಅವ್ವನ ತಲೆ ಬಾಚಿದಳು, ಬೆನ್ನಿಗೆ ಎರಡು ದಿಂಬು ಕೊಟ್ಟಳು. ಮೈಮೇಲೆ ಇದ್ದದ್ದು ಕಂದು ಬಣ್ಣದ ಹಳೆಯ ಚೌಕಡಿ ಸೀರೆ. ಸೀರೆ ಬದಲಿಸಬೇಕೆಂದರೆ ಸೊಂಟ ಎತ್ತಬೇಕು, ಎತ್ತಿದರೆ ಅವ್ವ ಹಲ್ಲು ಕಚ್ಚಿ ನೋವು ನುಂಗುವಳು. ಇದೇ ಇರಲಿ ಎಂದು ಅವಳೇ ಹೇಳಿದಳು. ಮೂರೂಕಾಲಿಗೆ ಕರೆ ಹೋಯಿತು. ಪರದೆಯಲ್ಲಿ ಮೊದಲು ತಮ್ಮನ ಅಂಗಿ ಕಂಡಿತು, ಅವನು ಸರಿದ ಮೇಲೆ ದೊಡ್ಡವ್ವನ ಮುಖ.

ಅವ್ವ ಎರಡೂ ಕೈಯಲ್ಲಿ ಪರದೆಯನ್ನು ಹಿಡಿದುಕೊಂಡಳು. "ಅಕ್ಕಾ," ಎಂದಳು.

"ತಂಗೀ, ಬಂದೀಯೇನ? ಕಂಡಿ, ಕಂಡಿ. ಬರೋಬ್ಬರಿ ಕಾಣಸ್ಲಕತ್ತಿ." ದೊಡ್ಡವ್ವನ ಮುಖದ ತುಂಬ ನಗೆ. "ಏಟು ಸೊರಗಿದಿಯವ್ವಾ. ಸೊಸಿ ಉಣ್ಣಾಕ ಹಾಕ್ತಾಳಿಲ್ಲೋ?"

"ಭಾಳ ಹಾಕ್ತಾಳ. ಕುಂತಲ್ಲೇ ತಿಂದು ದಪ್ಪ ಆಗೀನಕ್ಕ."

ಇಬ್ಬರೂ ನಕ್ಕರು. ಎಲುಬಿನ ಮಾತು, ಕಣ್ಣಿನ ಹನಿಯ ಮಾತು, ಎದುರು ಮನೆಯವರ ಸೊಸೆಯ ಮಾತು ಎಲ್ಲ ಆಯಿತು. ಅರ್ಧ ತಾಸಿನ ಮೇಲೆ ದೊಡ್ಡವ್ವ ಕುತ್ತಿಗೆ ಸ್ವಲ್ಪ ಮುಂದೆ ಚಾಚಿ, "ನಾ ಯುಗಾದಿಗಿ ಕೊಟ್ಟ ಹಸರ ಸೀರಿ ಉಟ್ಟೀದಿ ಅಲ್ಲಾ? ನಿಂಗ ಭಾಳ ಛಂದ ಒಪ್ಪ್ಯಾದ," ಎಂದಳು.

ಹೆಂಡತಿ ನನ್ನ ತೋಳು ಹಿಡಿದಳು. ಅವ್ವ ತನ್ನ ಕಂದು ಸೆರಗನ್ನು ಒಮ್ಮೆ ನೋಡಿಕೊಂಡಳು.

"ಹೂಂ ಅಕ್ಕಾ. ನೀ ನೋಡ್ಲಿ ಅಂತೇ ಉಟ್ಟೀನಿ," ಎಂದಳು. ದನಿ ಒಂದಿಷ್ಟೂ ಅಲುಗಲಿಲ್ಲ.

ಕರೆ ಮುಗಿದ ಮೇಲೆ ನಾನು ಮಂಚದ ಕಾಲ ಬಳಿ ನೆಲದ ಮೇಲೆ ಕುಳಿತುಬಿಟ್ಟೆ. ಎರಡು ದಿನದ ಹಿಂದೆ ದೊಡ್ಡವ್ವ ಮುಖ ಗುರುತು ಹಿಡಿಯುತ್ತಿದ್ದಳು. ವೈರು ತಂದಿದ್ದರೆ ಕಾಣುತ್ತಿದ್ದಳೋ, ಪರದೆಯ ಮೇಲೆ ಆಗಲೂ ಕಾಣುತ್ತಿರಲಿಲ್ಲವೋ, ತಮ್ಮನನ್ನು ನಾನು ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಅವ್ವನಿಗೆ ಮಾತ್ರ ಎಲ್ಲ ಹೇಳಿದೆ. ಹಠ ನನ್ನದು, ನಾಲ್ಕು ದಿನ ಕಳೆದವನು ನಾನು ಎಂದು ಅತ್ತೆ. ಅವ್ವ ನನ್ನ ತಲೆಯ ಮೇಲೆ ಕೈ ಇಟ್ಟಳು.

ಆಮೇಲೆ ಹೆಂಡತಿಯನ್ನು ಕರೆದಳು. "ಟ್ರಂಕಿನ್ಯಾಗ ಅಕ್ಕ ಕೊಟ್ಟ ಹಸರ ಸೀರಿ ಅದ, ತೆಗಿಯವ್ವಾ. ನಾಳಿ ಮೂರಕ್ಕ ಮತ್ತ ಮಾತಾಡೂದು ಅದ, ಅಷ್ಟ್ರಾಗ ನಂಗ ಅದನ್ನ ಉಡಸು."